ಜಾತಿಸ್ಮರಣೆಗೆ ಸಾಕ್ಷ್ಯ ಬೇಡವೆ? — ಒಂದು ಚರ್ಚಾಕೂಟದ ವಿಮರ್ಶೆ

ಪುನರ್ಜನ್ಮವನ್ನು ಒಪ್ಪುವುದು ಬೇರೆ; ಪುನರ್ಜನ್ಮದ ಹೆಸರಿನಲ್ಲಿ ಯಾರು ಏನು ಹೇಳಿದರೂ ಒಪ್ಪಿಕೊಳ್ಳುವುದು ಬೇರೆ. ಮೊದಲನೆಯದು ಸಿದ್ಧಾಂತ, ಎರಡನೆಯದು ಸುದ್ದಿ. ಸಿದ್ಧಾಂತಕ್ಕೆ ಶ್ರದ್ಧೆಯು ಆಧಾರವಾಗಬಹುದು; ಸುದ್ದಿಯು ನಿಲ್ಲುವುದು ಸಾಕ್ಷ್ಯದ ಮೇಲೆ. ಈ ವ್ಯತ್ಯಾಸವನ್ನು ಮರೆತಲ್ಲಿ ಸಜ್ಜನರ ಸಭೆಯಲ್ಲಿಯೂ ಎಂಥ ತೊಡಕು ಉಂಟಾಗುತ್ತದೆ ಎಂಬುದನ್ನು ನಮ್ಮ ಊರಿನ ಒಂದು ಚರ್ಚಾಕೂಟದ ನಡಾವಳಿಯನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಈ ಕೂಟವು ತಿಂಗಳಿಗೊಮ್ಮೆ ಭಾನುವಾರ ಸಂಜೆ ಸೇರುತ್ತದೆ. ನಿವೃತ್ತ ಅಧಿಕಾರಿಗಳು, ಅಧ್ಯಾಪಕರು, ವರ್ತಕರು, ಗೃಹಿಣಿಯರು ಕೂಡಿ ಭೂತಪ್ರೇತ, ಪ್ಲಾಂಚೆಟ್, ಪರಚಿತ್ತಜ್ಞಾನ, ಪೂರ್ವಜನ್ಮದ ನೆನಪು ಮುಂತಾದ ವಿಷಯಗಳನ್ನು ಚರ್ಚಿಸುತ್ತಾರೆ. ನಾನು ನಾಲ್ಕು ಸಭೆಗಳಲ್ಲಿ ಕುಳಿತು ಕೇಳಿದ್ದೇನೆ. ಅಲ್ಲಿ ಹಣದ ವಸೂಲಿಯಿಲ್ಲ, ತಾಯಿತದ ಮಾರಾಟವಿಲ್ಲ. ಮನೆಗಳಲ್ಲಿ ಸಾವಿನ ಮಾತೆತ್ತಲು ಅಂಜುವವರು ಅಲ್ಲಿ ಮನಸ್ಸು ಬಿಚ್ಚಿ ಮಾತನಾಡುತ್ತಾರೆ. ಇದು ಮೆಚ್ಚತಕ್ಕ ಅಂಶ. ಈಗ ಕೂಟದವರು ತಮ್ಮ ಸಭೆಗಳಿಗೆ ಬಸದಿಯ ಪ್ರವಚನ ಮಂದಿರವನ್ನು ಕೇಳಿದ್ದಾರೆ. ಟ್ರಸ್ಟಿನವರು ಸಮಾಜದ ಅಭಿಪ್ರಾಯ ಕೋರಿದ್ದಾರೆ. ಆದುದರಿಂದ ಗುಣದೋಷಗಳೆರಡನ್ನೂ ತೂಗಿ ನೋಡುವುದು ಅವಶ್ಯಕ.

ದೋಷವಿರುವುದು ವಿಷಯದಲ್ಲಲ್ಲ, ವಿಚಾರಣೆಯ ಕ್ರಮದಲ್ಲಿ. ಒಂದು ಸಭೆಗೆ ಸುಮಾರು ಆರು ವರ್ಷದ ಬಾಲಕಿಯೊಬ್ಬಳನ್ನು ಕರೆತಂದಿದ್ದರು. ತಾನು ಹಿಂದೆ ನೆರೆಯೂರಿನ ಗೃಹಿಣಿಯಾಗಿದ್ದೆನೆಂದು ಆಕೆ ಹೇಳುತ್ತಿದ್ದಳಂತೆ. ಹಿರಿಯರೊಬ್ಬರು, "ಮನೆಯ ಮುಂದೆ ಬಾವಿ ಇತ್ತಲ್ಲವೇನಮ್ಮಾ?" ಎಂದು ಕೇಳಿದರು. ಮಗು ತಾಯಿಯ ಮುಖ ನೋಡಿ ತಲೆಯಾಡಿಸಿತು. ಮುಂದಿನ ತಿಂಗಳ ಸಭೆಯಲ್ಲಿ ಅದೇ ಸಂಗತಿ, "ಮಗುವು ಬಾವಿಯನ್ನು ತಾನಾಗಿಯೇ ವರ್ಣಿಸಿತು" ಎಂಬ ರೂಪ ತಾಳಿತ್ತು. ನಡುವೆ ಯಾರೂ ಒಂದಕ್ಷರ ಬರೆದಿಟ್ಟಿರಲಿಲ್ಲ. ಮಗು ತಪ್ಪಾಗಿ ಹೇಳಿದ್ದ ಎರಡು ಹೆಸರುಗಳ ಪ್ರಸ್ತಾಪವೇ ಬರಲಿಲ್ಲ. ವೋಚರಿಲ್ಲದೆ ಕಿರ್ದಿಗೆ ಕಲಮು ಹತ್ತಿಸಿ, ಜಮೆಯನ್ನಷ್ಟೇ ಬರೆದು ಖರ್ಚನ್ನು ಬಿಟ್ಟರೆ ಯಾವ ಅಂಗಡಿಯೂ ಲಾಭದಲ್ಲಿರುವಂತೆಯೇ ಕಾಣುತ್ತದೆ. ಅಂಥ ಲೆಕ್ಕವನ್ನು ನಮ್ಮ ಗುಮಾಸ್ತರು ತಂದರೆ ನಾವು ರುಜು ಹಾಕುವೆವೆ?

ಪ್ಲಾಂಚೆಟ್ಟಿನ ವಿಷಯವೂ ಹೀಗೆಯೇ. ಬೆರಳಿಟ್ಟವರು ತಾವು ತಳ್ಳುತ್ತಿಲ್ಲವೆಂದು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ಆದರೆ 1853ರಲ್ಲಿಯೇ ಮೈಕೆಲ್ ಫ್ಯಾರಡೆ ಎಂಬ ವಿಜ್ಞಾನಿಯು, ಪ್ರೇತಶಕ್ತಿಯಿಂದ ಮೇಜು ಚಲಿಸುತ್ತದೆಂಬ ವಾದವನ್ನು ಪರೀಕ್ಷೆಗೆ ಒಡ್ಡಿದನು. ಕೈಗಳಿಗೂ ಮೇಜಿಗೂ ನಡುವೆ ಮೃದುವಾದ ಅಂಟಿನಿಂದ ಸೇರಿಸಿದ ರಟ್ಟಿನ ಹಾಳೆಗಳನ್ನಿಟ್ಟು ನೋಡಿದಾಗ, ಮೇಜಿಗಿಂತ ಮುಂಚೆ ಕೈಗಳೇ ಸರಿಯುತ್ತಿದ್ದುದು ಸ್ಪಷ್ಟವಾಯಿತು. ಕುಳಿತವರು ಮೋಸಗಾರರಲ್ಲ, ಅವರ ನಿರೀಕ್ಷೆಯೇ ಅವರಿಗರಿವಿಲ್ಲದಂತೆ ಕೈಗಳನ್ನು ನಡೆಸಿತ್ತು. ಈ ಸಂಗತಿಯನ್ನು ಕೂಟದಲ್ಲಿ ಒಬ್ಬರೂ ಉಲ್ಲೇಖಿಸಲಿಲ್ಲ.

ದೆಹಲಿಯ ಶಾಂತಿದೇವಿಯ ಪ್ರಕರಣವನ್ನು ಮಾತ್ರ ಪ್ರತಿ ಸಭೆಯಲ್ಲಿಯೂ ಅಂತಿಮ ಪ್ರಮಾಣವೆಂದು ಉದಾಹರಿಸುತ್ತಾರೆ. ತಾನು ಹಿಂದೆ ಮಥುರೆಯ ಗೃಹಿಣಿಯಾಗಿದ್ದೆನೆಂದು ಹೇಳಿದ ಆ ಬಾಲಕಿಯನ್ನು 1935ರಲ್ಲಿ ಗಣ್ಯರ ಸಮಿತಿಯೊಂದು ಮಥುರೆಗೆ ಕರೆದೊಯ್ದು, 1936ರಲ್ಲಿ ಅನುಕೂಲವಾದ ವರದಿ ಪ್ರಕಟಿಸಿತು. ಅದೇ ಕಾಲದಲ್ಲಿ ಬಾಲಚಂದ್ ನಾಹಟಾ ಅವರು ಹಿಂದಿಯಲ್ಲಿ ಪುಸ್ತಿಕೆಯೊಂದನ್ನು ಬರೆದು, ದೊರೆತ ಸಾಮಗ್ರಿಯಿಂದ ಪೂರ್ವಜನ್ಮಸ್ಮೃತಿ ಸಿದ್ಧವಾಗುವುದಿಲ್ಲವೆಂದು ವಾದಿಸಿದರು. ಅದಕ್ಕೆ ಇಂದ್ರಸೇನರು ಉತ್ತರ ಕೊಟ್ಟರು. ವಾದ ಪ್ರತಿವಾದಗಳೆರಡೂ ಇರುವಲ್ಲಿ ಒಂದನ್ನೇ ಓದಿ ತೀರ್ಪು ಕೊಡುವುದು ಅನೇಕಾಂತದ ಮಾರ್ಗವಲ್ಲ. ಇಂಥ ಪ್ರಕರಣಗಳನ್ನು ದಶಕಗಳ ಕಾಲ ಸಂಗ್ರಹಿಸಿದ ಇಯಾನ್ ಸ್ಟೀವನ್ಸನ್ ಸಹ 1966ರ ತಮ್ಮ ಗ್ರಂಥದ ಶೀರ್ಷಿಕೆಯಲ್ಲಿ ಇವು ಪುನರ್ಜನ್ಮವನ್ನು ಸೂಚಿಸುವ ಪ್ರಕರಣಗಳು ಎಂದರೇ ಹೊರತು ಸಾಧಿಸುವ ಪ್ರಕರಣಗಳು ಎನ್ನಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿದ್ದ ಸತ್ವಂತ್ ಪಸ್ರೀಚಾ ಅವರೂ 1990ರ ತಮ್ಮ ಗ್ರಂಥವನ್ನು ಪುನರ್ಜನ್ಮದ ಹೇಳಿಕೆಗಳ ಅಧ್ಯಯನವೆಂದೇ ಕರೆದರು. ಪರಿಶೀಲನೆಗೆ ಮುನ್ನವೇ ಮಗುವಿನ ಮಾತುಗಳನ್ನು ಬರೆದಿಟ್ಟ ಪ್ರಕರಣಗಳಿಗೆ ಹೆಚ್ಚಿನ ತೂಕ, ಅಂಥವು ವಿರಳ.

ಇಷ್ಟು ಕಟ್ಟುನಿಟ್ಟು ಶ್ರದ್ಧಾಳುಗಳಿಗೆ ತಕ್ಕುದಲ್ಲವೆಂದು ಕೂಟದ ಹಿರಿಯರೊಬ್ಬರು ಆಕ್ಷೇಪಿಸಿದರು. ಅವರು ಜಿನಸೇನಾಚಾರ್ಯರ ಆದಿಪುರಾಣದ ಶ್ರೀಮತಿಯ ವೃತ್ತಾಂತವನ್ನು ನೆನೆಯಬೇಕು. ಪಂಪನೂ ಶ್ರೀಮತಿ-ವಜ್ರಜಂಘರ ಕಥೆಯನ್ನು ಕನ್ನಡಿಗರಿಗೆ ಹೇಳಿದ್ದಾನೆ. ಜಾತಿಸ್ಮರಣೆಯಾದ ಶ್ರೀಮತಿಯು ತನ್ನ ಪೂರ್ವಭವವನ್ನು ಪಟದಲ್ಲಿ ಚಿತ್ರಿಸಿ, ಕೆಲವು ಅಂಶಗಳನ್ನು ಗೂಢವಾಗಿರಿಸಿ, ಪಂಡಿತೆಯೆಂಬ ದಾದಿಯ ಕೈಯಲ್ಲಿ ಜಿನಾಲಯಕ್ಕೆ ಕಳುಹಿಸುತ್ತಾಳೆ. ತಾವೇ ಆ ಪೂರ್ವಭವದ ಪತಿಯೆಂದು ಹೇಳಿಕೊಂಡು ಬಂದವರು ಗೂಢಾರ್ಥವನ್ನು ಕೇಳಿದಾಗ ಉತ್ತರಿಸಲಾರದೆ ನಾಚಿ ಹಿಂದಿರುಗುತ್ತಾರೆ. ಜಾತಿಸ್ಮರಣೆಯನ್ನು ಸತ್ಯವೆಂದು ನಂಬಿದ ಆಚಾರ್ಯರೇ ಸುಳ್ಳು ಜಾತಿಸ್ಮರಣೆಯನ್ನು ಹಿಡಿಯುವ ಉಪಾಯವನ್ನೂ ಪುರಾಣದೊಳಗೆ ಇರಿಸಿದ್ದಾರೆ. ಸೂಚಕ ಪ್ರಶ್ನೆ ಕೇಳದೆ, ಗುಟ್ಟನ್ನು ಬಿಟ್ಟುಕೊಡದೆ ಪರೀಕ್ಷಿಸುವ ಆ ದಾದಿಯ ವಿವೇಕ ನಮ್ಮ ಕೂಟದಲ್ಲಿ ಕಾಣಲಿಲ್ಲ.

ಇದು ಕೇವಲ ತರ್ಕದ ಮಾತಲ್ಲ. ಸತ್ಯಾಣುವ್ರತ ಸ್ವೀಕರಿಸಿದ ಶ್ರಾವಕನು ಪರೀಕ್ಷಿಸದ ಸಂಗತಿಯನ್ನು ಕಂಡುದೆಂಬಂತೆ ಹೇಳಬಹುದೆ? ಸಭೆಯ ಚಪ್ಪಾಳೆಗೆ ಒಗ್ಗಿದ ಆ ಬಾಲಕಿ ಹೆತ್ತ ಮನೆಯನ್ನು ಪರರ ಮನೆಯೆಂದು ತಿಳಿದು ಬೆಳೆದರೆ ಆ ಹಾನಿಯನ್ನು ತುಂಬಿಕೊಡುವವರು ಯಾರು? ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಲೋಟ ಸರಿದು ತೋರಿಸಿದ ಅಕ್ಷರಗಳಿಗಾಗಿ ತಿಂಗಳುಗಟ್ಟಲೆ ಕಾದಿರುವುದನ್ನು ನಾನು ಬಲ್ಲೆ. ಪ್ರತಿ ಸಭೆಯ ನಂತರವೂ ಆಕೆಯ ಅಳಲು ಹೊಸದಾಗುತ್ತಿತ್ತು. ಇಷ್ಟವಿಯೋಗದ ಆರ್ತಧ್ಯಾನವನ್ನು ಶಮನಗೊಳಿಸುವ ಬದಲು ಅದಕ್ಕೆ ತುಪ್ಪ ಹೊಯ್ದಂತಾಯಿತು.

ಒಂದು ವೇಳೆ ಅದ್ಭುತವು ನಿಜವೇ ಆಗಿದ್ದರೂ ಅದರಿಂದ ಸಿದ್ಧವಾಗುವುದೇನು? ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯನ್ನು ಆರಂಭಿಸುವುದೇ ಈ ಪ್ರಶ್ನೆಯಿಂದ. ದೇವತೆಗಳ ಆಗಮನ, ಆಕಾಶಗಮನ ಮೊದಲಾದ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ, ಅವುಗಳ ಬಲದಿಂದ ಜಿನೇಂದ್ರನನ್ನೂ ಮಹಾನೆಂದು ಒಪ್ಪಲು ಅವರು ಸಿದ್ಧರಿರಲಿಲ್ಲ. ಭಗವಂತನ ವಿಷಯದಲ್ಲಿಯೇ ಹೀಗಿರುವಾಗ ಸರಿದ ಲೋಟಕ್ಕೆ ಕೈಮುಗಿಯುವುದು ಲೋಕಮೂಢತೆಯಲ್ಲದೆ ಮತ್ತೇನು?

ಹೀಗೆಂದು ಮಂದಿರದ ಬಾಗಿಲು ಮುಚ್ಚಬೇಕೆಂಬುದು ನನ್ನ ಅಭಿಪ್ರಾಯವಲ್ಲ. ನಿಬಂಧನೆಗಳೊಡನೆ ಕೊಡಲಿ. ಯಾವುದೇ ಹೇಳಿಕೆಯನ್ನು ವಿಚಾರಣೆಗೆ ಮುನ್ನ ತಾರೀಖು ಸಹಿತ ಬರೆದು, ಇಬ್ಬರು ಹೊರಗಿನವರ ರುಜು ಪಡೆದು, ಲಕೋಟೆಗೆ ಮೊಹರು ಹಾಕಿ ಟ್ರಸ್ಟಿನ ಕಪಾಟಿನಲ್ಲಿರಿಸಬೇಕು. ತಾಳೆಯಾದುದರೊಡನೆ ತಾಳೆಯಾಗದುದನ್ನೂ ನಡಾವಳಿಯಲ್ಲಿ ದಾಖಲಿಸಬೇಕು. ಮಕ್ಕಳನ್ನು ಸಭೆಯ ಮುಂದೆ ನಿಲ್ಲಿಸಕೂಡದು. ಸೂತಕದ ಮನೆಯವರಿಗಾಗಿ ಪ್ಲಾಂಚೆಟ್ ನಡೆಸಕೂಡದು. ಅವರಿಗೆ ಬೇಕಾದುದು ನಮ್ಮ ಹೆಂಗಸರು ಗಂಡಸರು ಮನೆಗೆ ಹೋಗಿ ಜೊತೆಯಲ್ಲಿ ಕುಳಿತುಕೊಳ್ಳುವುದು. ಈ ನಿಬಂಧನೆಗಳಿಗೆ ಕೂಟದವರು ಒಪ್ಪಿದರೆ ಅವರ ಸಭೆಗಳಿಗೆ ನಾನೂ ಬರುವೆನು. ಒಪ್ಪದಿದ್ದಲ್ಲಿ ಟ್ರಸ್ಟಿನವರು ವಿನಯಪೂರ್ವಕವಾಗಿಯೇ ನಿರಾಕರಿಸಲಿ ಎಂದು ನನ್ನ ನಿವೇದನೆ.