ಬಸ್ಸಲ್ಲಿ ವಾಂತಿ ಆಗುತ್ತಾ?

ಕೀಹೋಲ್ ಆಪರೇಷನ್ನಿನ ಹೊಗಳಿಕೆ ದೊಡ್ಡಬೆಳವಂಗಲದಂಥ ಹೋಬಳಿಗೂ ಬಂದು ಎಷ್ಟೋ ಕಾಲವಾಯಿತು. ಮೂರ್ನಾಲ್ಕು ತೂತು, ಮಾರನೇ ದಿನ ಮನೆ. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆಮೇಲಿನ ವಾಂತಿಗೆ ಎಲ್ಲರೂ ನಂಬಿ ಕೂತಿರುವ ಒಂದೇ ಇಂಜೆಕ್ಷನ್ ಬಗ್ಗೆ: ಒಂಡಾನ್ಸೆಟ್ರಾನ್, 4 ಮಿಲಿಗ್ರಾಂ. ಕೆಟ್ಟ ಮದ್ದೇನಲ್ಲ, ಗಳಿಸಿದ ಹೆಸರು ಮಾತ್ರ ಯೋಗ್ಯತೆಗಿಂತ ದೊಡ್ಡದು.

ನಮ್ಮತ್ತಿಗೆಗೆ ಪಿತ್ತಕೋಶದ ಕಲ್ಲು. ದೊಡ್ಡಬಳ್ಳಾಪುರದವರೆಗಿನ ಬಸ್ಸಿಗೂ ಅವರಿಗೆ ಕಿಟಕಿ ಪಕ್ಕದ ಸೀಟು, ಕೈಯಲ್ಲೊಂದು ನಿಂಬೆಹಣ್ಣು ಬೇಕು. ಆಸ್ಪತ್ರೆಯಲ್ಲಿ ಬಿಪಿ ಕೇಳಿದರು, ಶುಗರ್ ಕೇಳಿದರು, ಹಲ್ಲು ಅಲ್ಲಾಡುತ್ತಾ ಅಂತಲೂ ಕೇಳಿದರು. ಬಸ್ಸಿನ ಮಾತು ಯಾರೂ ಎತ್ತಲಿಲ್ಲ. ರಾತ್ರಿಯೆಲ್ಲ ಬೇಸನ್ ಹಿಡಿದು ಕೂತೆವು. ಹೊಲಿಗೆಯ ಮೇಲೆ ಅಂಗೈ ಒತ್ತಿಕೊಂಡು ಅವರು ಓಕರಿಸುತ್ತಿದ್ದರೆ, ಸಿಸ್ಟರ್ ಬಂದು ಮತ್ತೆ ಅದೇ ಇಂಜೆಕ್ಷನ್ ಕೊಟ್ಟರು. "ಇದೆಲ್ಲ ಕಾಮನ್ನು ಕಣಮ್ಮ, ಬೆಳಗ್ಗೆಗೆ ಸರಿಹೋಗುತ್ತೆ."

ಆ 'ಮತ್ತೆ ಅದೇ' ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಜರ್ಮನಿಯ ಅರಿವಳಿಕೆ ತಜ್ಞ ಕ್ರಿಸ್ಟಿಯನ್ ಆಪ್ಫೆಲ್ ಮತ್ತವರ ಜೊತೆಗಾರರು 1999ರಲ್ಲೇ ನಾಲ್ಕು ಸಂಗತಿ ಗುರುತಿಸಿಕೊಟ್ಟರು. ಹೆಂಗಸೇ? ಬೀಡಿ ಸಿಗರೇಟು ಸೇದದವರೇ? ಬಸ್ಸಿನಲ್ಲಿ ಅಥವಾ ಹಿಂದಿನ ಆಪರೇಷನ್ನಿನಲ್ಲಿ ವಾಂತಿಯಾಗಿತ್ತೇ? ಆಪರೇಷನ್ ಆದಮೇಲೆ ಮಾರ್ಫಿನ್ ಜಾತಿಯ ನೋವಿನ ಮದ್ದು ಬೀಳುತ್ತದೆಯೇ? ನಾಲ್ಕಕ್ಕೂ ಹೌದೆಂದರೆ ನೂರಕ್ಕೆ ಸುಮಾರು 80 ಮಂದಿಗೆ ಓಕರಿಕೆಯೋ ವಾಂತಿಯೋ ಖಚಿತ. (ಸೇದುವವರಿಗೆ ಕಾಟ ಕಡಿಮೆ, ಬೀಡಿಗೆ ಸಿಕ್ಕ ಏಕೈಕ ಸರ್ಟಿಫಿಕೇಟು ಇದಿರಬೇಕು.) ನಮ್ಮ ಹಳ್ಳಿಯ ಹೆಂಗಸರು ಮೊದಲೆರಡರಲ್ಲಿ ಹೆಚ್ಚುಕಡಿಮೆ ಹುಟ್ಟಿನಿಂದಲೇ ಪಾಸು.

ಐದು ಸಾವಿರಕ್ಕೂ ಮಿಕ್ಕ ರೋಗಿಗಳ ಮೇಲೆ ಅದೇ ಆಪ್ಫೆಲ್ ತಂಡ ನಡೆಸಿ 2004ರಲ್ಲಿ ಪ್ರಕಟಿಸಿದ ಪರೀಕ್ಷೆ ಹೇಳಿದ್ದಿಷ್ಟು: ಒಂಡಾನ್ಸೆಟ್ರಾನ್ ಅಪಾಯವನ್ನು ಸುಮಾರು ಕಾಲುಭಾಗ ಇಳಿಸುತ್ತದೆ. ಅಂದರೆ 80 ಇದ್ದದ್ದು 60. ಕಾಸಿಗೆ ಸಿಗುವ ಡೆಕ್ಸಾಮೆಥಸೋನೂ ಅಷ್ಟೇ ಇಳಿಸುತ್ತದೆ, ಬೇರೆ ದಾರಿಯಿಂದ. ಎರಡೂ ಸೇರಿದರೆ 45. ಅರಿವಳಿಕೆಯ ಗ್ಯಾಸ್ ಬಿಟ್ಟು ಪ್ರೊಪೊಫಾಲನ್ನು ನರದ ಮೂಲಕವೇ ಹರಿಸಿದರೆ ಇನ್ನಷ್ಟು ಕೆಳಗೆ. ಆದರೆ ಕೊಟ್ಟ ಮದ್ದನ್ನೇ ಆರು ಗಂಟೆಯೊಳಗೆ ಮತ್ತೆ ಕೊಟ್ಟರೆ ಪ್ರಯೋಜನ ಸೊನ್ನೆ; ಬೇರೆ ಜಾತಿಯದು ಕೊಡಬೇಕು. ಅತ್ತಿಗೆಗೆ ಆ ರಾತ್ರಿ ಸಿಕ್ಕಿದ್ದು ಈ ಸೊನ್ನೆ.

ಡೆಕ್ಸಾ ಎಂದೊಡನೆ "ಅಯ್ಯೋ ಸ್ಟೀರಾಯ್ಡು, ಗಾಯ ಮಾಗಲ್ಲ" ಎನ್ನುವ ಪಂಡಿತರಿದ್ದಾರೆ. ಅವರ ಮೇಲೆ ನನಗೆ ಹೆಚ್ಚು ಸಿಟ್ಟು. 8,700ಕ್ಕೂ ಹೆಚ್ಚು ರೋಗಿಗಳ ಅಧ್ಯಯನ 2021ರಲ್ಲೇ ಬಂದಿದೆ. 8 ಮಿಲಿಗ್ರಾಂ ಒಂದೇ ಡೋಸಿನಿಂದ ಗಾಯದ ಸೋಂಕು ಹೆಚ್ಚಲಿಲ್ಲ. ಸಕ್ಕರೆ ಕೊಂಚ ಏರುತ್ತದೆ, ಸರಿ, ಅಳೆಯಿರಿ. ಇನ್ನು ಕೆಲವರು ಒಂಡಾನ್ಸೆಟ್ರಾನಿನ ದಾಯಾದಿ ಗ್ರಾನಿಸೆಟ್ರಾನನ್ನು ಅಟ್ಟಕ್ಕೇರಿಸಿದವರು. ಅದರ ಪರವಾಗಿ ಪ್ರಬಂಧಗಳ ರಾಶಿ ಹಾಕಿದ ಜಪಾನಿನ ಯೋಶಿತಾಕ ಫುಜಿಯ ಅಂಕಿಗಳು ಅತಿ ಚೆಂದವಾಯಿತೆಂದು 2000ದಲ್ಲೇ ಕೆಲವರು ಕುಟುಕಿದ್ದರು. 2012ರ ತನಿಖೆಯಲ್ಲಿ 172 ಪ್ರಬಂಧಗಳು ಕಟ್ಟುಕತೆಯೆಂದು ಬಯಲಾಯಿತು. ಹನ್ನೆರಡು ವರ್ಷ ಕುಟುಕಿಗೆ ಬೆಲೆಯಿರಲಿಲ್ಲ!

ಆಪರೇಷನ್ನಿಗೆ ಹೊರಟವರು ಅರಿವಳಿಕೆ ಡಾಕ್ಟರು ಕೇಳಲಿ ಎಂದು ಕಾಯಬೇಡಿ. ಬಸ್ಸಲ್ಲಿ ನನಗೆ ವಾಂತಿ ಆಗುತ್ತೆ ಅಂತ ನೀವೇ ಹೇಳಿ.