‘ಅಜ್ಜಿ ಇಲ್ಲ’ ಅನ್ನೋದು ಯಾವ ಕಾಲ?

ನಾಲ್ಕೇ ವಾರದಲ್ಲಿ ಫ್ರೆಂಚ್ ಭಾಷೆ, ಭಾಷಾವಿಜ್ಞಾನ, ಸಾಹಿತ್ಯ ಮೂರನ್ನೂ ಕಲಿಸ್ತೀವಿ ಅಂದರೆ ಯಾರು ನಂಬ್ತಾರೆ? ನಾನು ನಂಬಿದೆ. ಆಫೀಸಿನಲ್ಲಿ ಕೂಡಿಟ್ಟ ರಜೆಗೆ ಒಂದಿಷ್ಟು ಸಂಬಳವಿಲ್ಲದ ರಜೆ ಸೇರಿಸಿ, ಫ್ರಾನ್ಸಿನ ಒಂದು ವಿಶ್ವವಿದ್ಯಾಲಯದ ಬೇಸಿಗೆ ಕೋರ್ಸಿಗೆ ಹೋದೆ. ಈ ಬಗೆಯ ಕೋರ್ಸ್ ಹೊಸದೇನಲ್ಲ. ಅಮೆರಿಕದ ಮಿಡಲ್‌ಬರಿ ಕಾಲೇಜಿನಲ್ಲಿ ಬೇಸಿಗೆಯ ಫ್ರೆಂಚ್ ಶಾಲೆ ಶುರುವಾಗಿದ್ದು 1916ರಲ್ಲಿ. ಅಲ್ಲಿ ಸೇರುವವರು ಕಲಿಯುವ ಭಾಷೆಯನ್ನಷ್ಟೇ ಆಡ್ತೀವಿ ಅಂತ ಪ್ರತಿಜ್ಞೆ ಮಾಡಬೇಕು. ನಮಗೆ ಪ್ರತಿಜ್ಞೆ ಇರಲಿಲ್ಲ, ನಿಯಮ ಮಾತ್ರ ಅದೇ: ಗೇಟಿನ ಒಳಗೆ ಬರೀ ಫ್ರೆಂಚ್.

ಬೆಳಿಗ್ಗೆ ವ್ಯಾಕರಣ, ಮಧ್ಯಾಹ್ನ ಭಾಷಾವಿಜ್ಞಾನ, ಸಂಜೆ ಸಾಹಿತ್ಯ. ಪಾಠಗಳು ಚೆನ್ನಾಗೇ ಇದ್ದವು. ನನ್ನ ತಕರಾರು ಒಂದೇ: ಒಂದು ಕ್ಲಾಸಿನಲ್ಲಿ ಏನಾಯ್ತು ಅಂತ ಇನ್ನೊಂದು ಕ್ಲಾಸಿಗೆ ಗೊತ್ತಿರಲಿಲ್ಲ. ಅದರಿಂದ ಎಷ್ಟು ಕಳ್ಕೊಳ್ತೀವಿ ಅಂತ ಅರ್ಥವಾಗಿದ್ದು ಆಲ್ಬೇರ್ ಕಮೂ 1942ರಲ್ಲಿ ಪ್ರಕಟಿಸಿದ ‘ಲೆತ್ರಾಂಜೆ’ ಓದುವಾಗ.

ಮುಗಿದ ಕೆಲಸ ಹೇಳೋಕೆ ಫ್ರೆಂಚಿನಲ್ಲಿ ಮುಖ್ಯವಾಗಿ ಎರಡು ಭೂತಕಾಲಗಳಿವೆ. ‘ಪಾಸೇ ಸಾಂಪ್ಲ್’ ಕತೆ, ಚರಿತ್ರೆಗಳ ಬರಹದ್ದು. ಬೇಕರಿಯಲ್ಲಿ ನಿಂತು ಅದನ್ನ ಬಳಸಿದರೆ ಹರಿಕತೆ ದಾಸರು ಅದೇ ಧಾಟಿಯಲ್ಲಿ ಬಸ್ ಟಿಕೆಟ್ ಕೇಳಿದ ಹಾಗಿರುತ್ತೆ. ‘ಪಾಸೇ ಕಾಂಪೋಸೇ’ ದಿನದ ಮಾತಿನದು. ಬೆಳಿಗ್ಗೆಯ ಮೇಡಂ, ಮೊದಲನೆಯದನ್ನ ಗುರುತು ಹಿಡಿದರೆ ಸಾಕು ಅಂದರು. ಮಧ್ಯಾಹ್ನ ಎಮಿಲ್ ಬೆನ್ವೆನಿಸ್ತ್ 1959ರಲ್ಲಿ ಬರೆದ ಲೇಖನ: ಒಂದು ಕಾಲದಲ್ಲಿ ಹೇಳುವವನು ಮರೆಯಾಗಿ ಘಟನೆಗಳು ತಾವೇ ನಡೆಯುತ್ತವೆ, ಇನ್ನೊಂದರಲ್ಲಿ ‘ನಾನು’ ‘ನೀನು’ ಎದುರುಬದುರು ಕೂತಿರುತ್ತಾರೆ. ಸಂಜೆ ಕಮೂ, ಅಸಂಗತವಾದ, ಅಲ್ಜಿಯರ್ಸಿನ ಬಿಸಿಲು. ಕ್ರಿಯಾಪದದ ಬಗ್ಗೆ ಒಂದು ಮಾತೂ ಇಲ್ಲ.

ಆದರೆ ಆ ಕಾದಂಬರಿಯ ಗುಟ್ಟಿರೋದೇ ಕ್ರಿಯಾಪದದಲ್ಲಿ. ಕಮೂ ಅದನ್ನ ಬಹುಪಾಲು ಪಾಸೇ ಕಾಂಪೋಸೇಯಲ್ಲೇ ಬರೆದ. ಒಂದು ಕೆಲಸ ಆಯಿತು, ನಿಂತಿತು. ಇನ್ನೊಂದು ಆಯಿತು, ನಿಂತಿತು. ‘ಅದರಿಂದಾಗಿ’ ಅನ್ನೋದು ಹೆಚ್ಚು ಕಾಣಲ್ಲ. 1943ರ ವಿಮರ್ಶೆಯಲ್ಲಿ ಸಾರ್ತ್ರ ಈ ವಾಕ್ಯಗಳನ್ನ ದ್ವೀಪಗಳಿಗೆ ಹೋಲಿಸಿದ್ದು ಅದಕ್ಕೇ.

ಮೂರನೇ ವಾರ ಅಮ್ಮನ ಮೆಸೇಜ್ ಬಂತು: “ಅಜ್ಜಿ ಹೋಗ್ಬಿಟ್ರು ಕಣೋ. ನೀನು ಬರೋಷ್ಟರಲ್ಲಿ ಎಲ್ಲ ಮುಗಿದಿರುತ್ತೆ, ಅಲ್ಲೇ ಇರು.” ಮರುದಿನ ಮೇಡಂ, ಹೋಂವರ್ಕ್ ಯಾಕೆ ಮಾಡಿಲ್ಲ ಅಂತ ಕೇಳಿದರು. ಅಜ್ಜಿ ತೀರಿಕೊಂಡ್ರು ಅಂತ ಫ್ರೆಂಚಿನಲ್ಲಿ ಹೇಳುತ್ತಾ ‘ಮೋರ್’ ಅಂದೆ. ಅವರು ತಟ್ಟನೆ ‘ಮೋರ್ತ್’ ಅಂತ ತಿದ್ದಿದರು. ಗಂಡಸು ಸತ್ತರೆ ಕೊನೆಯ ‘ತ್’ ಕೇಳಿಸಲ್ಲ, ಹೆಂಗಸು ಸತ್ತರೆ ಕೇಳಿಸುತ್ತೆ. ಆಮೇಲೆ ಅವರ ಮುಖ ಸಪ್ಪಗಾಯ್ತು, ಕ್ಷಮೆ ಕೇಳಿದರು. ನಾನು ವಿಧೇಯ ವಿದ್ಯಾರ್ಥಿಯ ಹಾಗೆ ‘ಮೋರ್ತ್’ ಅಂತ ಇನ್ನೊಮ್ಮೆ ಹೇಳಿ ಕೂತೆ. ಅಳು ಬರಲಿಲ್ಲ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟಾನೂ ಮಾಡಿದೆ.

ಸಂಜೆಯ ಪಾಠ ಕಾದಂಬರಿಯ ಎರಡನೇ ಭಾಗ. ಮರ್ಸೋ ಒಬ್ಬ ಅರಬನನ್ನ ಕೊಂದಿದ್ದಾನೆ. ಆದರೆ ಕೋರ್ಟಿನಲ್ಲಿ ಅವನನ್ನ ಮುಳುಗಿಸೋದು ಅವನು ತಾಯಿಯ ಶವಸಂಸ್ಕಾರದಲ್ಲಿ ಅಳಲಿಲ್ಲ ಅನ್ನೋ ವಿಷಯ. ಶವದ ಬಳಿ ಹಾಲು ಹಾಕಿದ ಕಾಫಿ ಕುಡಿದದ್ದು, ಮರುದಿನ ಈಜಿದ್ದು, ಮಾರಿಯ ಜೊತೆ ಸಿನಿಮಾ ನೋಡಿದ್ದು ಮೊದಲ ಭಾಗದಲ್ಲಿ ಬಿಡಿಬಿಡಿಯಾಗಿದ್ದವು. ವಕೀಲ ಅವನ್ನೆಲ್ಲ ದಾರಕ್ಕೆ ಪೋಣಿಸಿ ಒಂದು ‘ಕತೆ’ ಮಾಡ್ತಾನೆ. ಮರ್ಸೋಗೆ ಮರಣದಂಡನೆ ಆಗೋದು ಆ ಕತೆಯಿಂದ. ನನ್ನ ಕ್ಯಾಂಟೀನ್ ಊಟಾನೂ ಆ ವಕೀಲನ ಕೈಗೆ ಸಿಕ್ಕಿದ್ದಿದ್ದರೆ?

ಅವತ್ತು ರಾತ್ರಿ ಮೂರೂ ನೋಟ್‌ಬುಕ್ ಒಟ್ಟಿಗೆ ತೆರೆದು ಕೂತೆ. ನಾನು ಹೇಳಿದ್ದ ಆ ಫ್ರೆಂಚ್ ರೂಪಕ್ಕೆ ‘ತೀರಿಕೊಂಡರು’ ಅನ್ನುವ ಘಟನೆಯ ಅರ್ಥವೂ ಇದೆ, ‘ತೀರಿಕೊಂಡಿದ್ದಾರೆ’ ಅನ್ನುವ ಸ್ಥಿತಿಯ ಅರ್ಥವೂ ಇದೆ. ಮರ್ಸೋ ಕಲ್ಲುಹೃದಯದವನು ಅಂತ ಓದಿದ್ದೆ. ಈಗ ಹಾಗನ್ನಿಸಲ್ಲ. ಆಗಿದ್ದು ಅವನಿಗಿನ್ನೂ ಕತೆಯಾಗಿಲ್ಲ, ಅಷ್ಟೇ. ಇಂಗ್ಲಿಷಿನಲ್ಲಿ ಇದು ಕಾಣೋದು ಕಷ್ಟ. ಎರಡೂ ಕಾಲಗಳು ಅಲ್ಲಿ ಸಾಮಾನ್ಯವಾಗಿ ಒಂದೇ ಭೂತಕಾಲವಾಗಿಬಿಡುತ್ತವೆ.

ಹಾಗಾಗಿ ಇಂಥ ಕೋರ್ಸಿಗೆ ಹೋಗೋರಿಗೆ ನನ್ನದೊಂದೇ ಸಲಹೆ: ಸಾಹಿತ್ಯದ ಒಂದು ಪುಟವನ್ನ ವ್ಯಾಕರಣದ ಕ್ಲಾಸಿಗೂ ತಗೊಂಡು ಹೋಗಿ, ಪ್ರಶ್ನೆ ಕೇಳಿ. ಟೈಮ್‌ಟೇಬಲ್ ಮಾಡದ ಕೆಲಸ ನಾವೇ ಮಾಡ್ಕೋಬೇಕು.

ಊರಿಗೆ ಬಂದ ಮೇಲೆ ಅಮ್ಮನನ್ನ ಕೇಳಿದೆ, ಹೇಗಾಯ್ತು ಅಂತ. “ಎದ್ದು, ಮುಖ ತೊಳ್ದು, ಕಾಫಿ ಕುಡ್ದು, ಜಗಲಿ ಮೇಲೆ ಕೂತು, ಹಾಗೇ ಒರಗಿ ಹೋಗ್ಬಿಟ್ರು” ಅಂದಳು. ಕನ್ನಡದಲ್ಲಿ ಒಂದಕ್ಕೊಂದು ಅಂಟಿಕೊಂಡೇ ಬರುತ್ತೆ ನೋಡಿ. ಕಮೂನನ್ನ ಕನ್ನಡಕ್ಕೆ ತರೋರಿಗೆ ಇದೇ ದೊಡ್ಡ ಕಷ್ಟ ಇರಬೇಕು. ಅಷ್ಟರಲ್ಲಿ ಪಕ್ಕದ ಮನೆಯವರು ಬಂದು, “ಅಜ್ಜಿ ಕಾಣ್ತಿಲ್ವಲ್ಲ?” ಅಂದರು. ಅವರೂ ಊರಲ್ಲಿ ಇರಲಿಲ್ವಂತೆ. “ಅಜ್ಜಿ ಇಲ್ಲ” ಅಂದೆ. ಆಗ ಅಳು ಬಂತು.