ಗುಟ್ಟಿನ ಟೆಂಡರು, ಬಯಲಿನ ಬೇಡಿಕೆ

ತಿಪಟೂರಿನ ಎಪಿಎಂಸಿಯಲ್ಲಿ ಇ-ಟೆಂಡರ್ ಹಾಕುವ ಕೊಬ್ಬರಿ ವರ್ತಕನ ದರ ಗುಟ್ಟಾಗಿರುತ್ತದೆ. ಪಕ್ಕದ ಮಂಡಿಯವನು ಎಷ್ಟು ಬರೆದ ಎಂಬುದು ಟೆಂಡರ್ ತೆರೆಯುವ ತನಕ ತಿಳಿಯದು. ಅದೇ ಕಾಯಿ ಸುಲಿದವನು, ಚಿಪ್ಪು ಬಿಡಿಸಿದವಳು ಮಾತ್ರ ತಮ್ಮ ಅಹವಾಲನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು, ಕೂಲಿ ಕೊಡುವ ತೋಟದ ಯಜಮಾನರ ಎದುರಿಗೇ ಹೇಳಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಗ್ರಾಮಸಭೆಗೆ ಎಷ್ಟು ಜನ ಬಂದರು ಎಂದು ಎಣಿಸುವುದಕ್ಕಿಂತ, ಅಲ್ಲಿ ಬಾಯಿ ಬಿಟ್ಟರೆ ಯಾರಿಗೆ ಎಷ್ಟು ನಷ್ಟ ಎಂದು ಕೇಳುವುದು ಮೇಲು.

ಕಾನೂನಿನಲ್ಲಿ ಕೊರತೆಯಿಲ್ಲ. ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರ ಕಾಲದ 1983ರ ಪಂಚಾಯಿತಿ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದಾಗಲೇ ಮಹಿಳೆಯರಿಗೆ ಶೇ 25 ಮೀಸಲಾತಿ ಇತ್ತು. ಈಗ ಅದು ಅರ್ಧಕ್ಕೆ ಏರಿದೆ. ಅಧ್ಯಕ್ಷೆಯ ಪಕ್ಕದ ಕುರ್ಚಿಯಿಂದ ಆಕೆಯ ಗಂಡ ಉತ್ತರ ಕೊಡುವ ಕತೆ ಎಲ್ಲರಿಗೂ ಗೊತ್ತು, ಬಿಡಿ.

ಗೊತ್ತಿದ್ದೂ ಯಾರೂ ಆಡದ ಮಾತು ಬೇರೆಯಿದೆ. ಸಭೆ ಸಾಮಾನ್ಯವಾಗಿ ಸೇರುವುದು ಹಗಲು ಹನ್ನೊಂದರ ಮೇಲೆ, ಅಂದರೆ ಕೂಲಿಯ ಹೊತ್ತಿನಲ್ಲಿ. ಬರುವವರು ಆ ದಿನದ ದುಡಿಮೆ ಬಿಟ್ಟೇ ಬರಬೇಕು. ಮೊದಲೇ ಸಿದ್ಧವಾದ ಪಟ್ಟಿಯನ್ನು ಪಿಡಿಒ ಓದುತ್ತಾರೆ. "ಯಾರದಾದ್ರೂ ತಕರಾರಿದ್ಯಾ?" ಜಮಖಾನದ ಹಿಂದಿನ ಸಾಲು ಸುಮ್ಮನಿರುತ್ತದೆ. ನಡವಳಿ ಪುಸ್ತಕದಲ್ಲಿ ಆ ಮೌನ 'ಸರ್ವಾನುಮತ' ಆಗಿಬಿಡುತ್ತದೆ.

ಸಂವಿಧಾನ ಸಭೆಯಲ್ಲಿ 1948ರ ನವೆಂಬರ್ 4ರಂದು ಅಂಬೇಡ್ಕರ್ ಹಳ್ಳಿಯ ಸಂಕುಚಿತತೆಯನ್ನು ಎತ್ತಿ ಆಡಿದ್ದರು. ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದು ಅವರಿಗೆ ಸಮಾಧಾನ ತಂದಿತ್ತು. ಅದೇ ತಿಂಗಳು ಪಂಚಾಯಿತಿಯೂ ನಿರ್ದೇಶಕ ತತ್ತ್ವಗಳೊಳಗೆ ಬಂತು. ಅದೇ ಇಂದಿನ 40ನೇ ವಿಧಿ. ಈ ಎರಡರ ಜಗಳ ಇನ್ನೂ ಬಗೆಹರಿದಿಲ್ಲ. ಮತಗಟ್ಟೆಯ ಮರೆಯಲ್ಲಿ ಕೂಲಿಯವಳು ಸ್ವತಂತ್ರ ವ್ಯಕ್ತಿ. ಶಾಮಿಯಾನದ ಕೆಳಗೆ ಅವಳು ಇಂಥವರ ತೋಟದ ಆಳು.

ಹಾಗೆಂದು ಎಲ್ಲವನ್ನೂ ಗುಟ್ಟು ಮಾಡಲಾಗದು. ಮನೆ ಹಂಚುವ ಪಟ್ಟಿ ಬಯಲಲ್ಲೇ ಓದಬೇಕು. ಆರ್‌ಸಿಸಿ ಮನೆಯಿದ್ದವನ ಹೆಸರು ನುಸುಳಿದರೆ ಹಿಡಿಯುವವರು ನೆರೆಯವರೇ. 2005ರ ಉದ್ಯೋಗ ಖಾತರಿ ಕಾಯ್ದೆ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಗೆ ವಹಿಸಿದ್ದೂ ಈ ನಂಬಿಕೆಯಿಂದಲೇ. ಆದರೆ ಸ್ಮಶಾನದ ದಾರಿ ಒತ್ತುವರಿಯಾಗಿದೆ, ಕೆಲಸಕ್ಕೆ ಮನುಷ್ಯರ ಬದಲು ಜೆಸಿಬಿ ಬಂದಿದೆ ಎಂಬ ದೂರಿಗೆ ದೂರಿದವರ ಹೆಸರು ಏಕೆ ಬೇಕು?

ವಾರ್ಡ್ ಸಭೆಗೆ ಪಂಚಾಯತ್ ರಾಜ್ ಕಾಯ್ದೆಯೇ ಜಾಗ ಕೊಟ್ಟಿದೆ. ಅದನ್ನು ಕಾಲೋನಿಯಲ್ಲೇ, ಕೆಲಸದವರು ಮನೆ ಸೇರಿದ ಮೇಲೆ ಸಂಜೆ ಏಳಕ್ಕೆ ಕರೆಯಬಹುದು. ದೂರುಗಳನ್ನು ಚೀಟಿಯಲ್ಲಿ ಪಡೆದು, ಗ್ರಾಮಸಭೆಯಲ್ಲಿ ಹೆಸರಿಲ್ಲದೆ ಓದಿಸಬಹುದು. ತೊಡಕು ಒಂದೇ: ಸಭೆಗೆ ಬರಬೇಕಾದ ನೋಡಲ್ ಅಧಿಕಾರಿಯ ಜೀಪು ಐದಕ್ಕೇ ತಾಲ್ಲೂಕು ಕೇಂದ್ರದತ್ತ ಹೊರಟಿರುತ್ತದೆ.